ಸೆಲ್ಯಾವಟ್ಲಾಲೋಯ್ಗ್: ಊರ ಹುಡುಗರು ಕಟ್ಟಿದ ಬಿಸಿನೀರ ಕೊಳ

ಮಂಗಳವಾರ, ರೇಕ್ಯಾವಿಕ್

ಐಸ್‌ಲ್ಯಾಂಡಿಗೆ ಹೋಗುವವರು ಸಾಮಾನ್ಯವಾಗಿ ಜಲಪಾತ, ಹಿಮನದಿ, ಚಳಿಗಾಲವಾದರೆ ಆಕಾಶದಲ್ಲಿ ಆಡುವ ಹಸಿರು ಬೆಳಕು ಅಂತ ಪಟ್ಟಿ ಮಾಡಿಕೊಂಡು ಹೋಗುತ್ತಾರೆ. ನಾನು ಹೊರಟದ್ದು ಒಂದು ಈಜುಕೊಳ ನೋಡಲಿಕ್ಕೆ. ದಕ್ಷಿಣ ಐಸ್‌ಲ್ಯಾಂಡಿನ ಏಯಾಫ್ಯಾಟ್ಲಾಯೋಕುಟ್ಲ್ ಹಿಮಪರ್ವತದ ಬುಡದಲ್ಲಿ, ವಾಹನ ಹೋಗದ ಒಂದು ಕಣಿವೆಯ ಒಳಗೆ, 1923ರಲ್ಲಿ ಊರಿನ ಹುಡುಗರೇ ಸೇರಿ ಕಟ್ಟಿದ ಕೊಳ ಅದು. ಹೆಸರು ಸೆಲ್ಯಾವಟ್ಲಾಲೋಯ್ಗ್. ನೆಲದೊಳಗಿಂದ ಉಕ್ಕುವ ಬಿಸಿನೀರೇ ಅದಕ್ಕೆ ಆಧಾರ. ಅದರ ಬಗ್ಗೆ ಓದಿದ ದಿನದಿಂದ ಅದು ನನ್ನ ತಲೆಯೊಳಗೆ ಕೂತುಬಿಟ್ಟಿತ್ತು. ಪುತ್ತೂರಿನ ಹತ್ತಿರ ಶಾಲೆಯಲ್ಲಿ ಪಾಠ ಮಾಡುವವಳು ನಾನು. ಮಳೆಗಾಲ ಶುರುವಾಯಿತೆಂದರೆ ಹೊಳೆಗೋ ಕೆರೆಗೋ ಇಳಿದ ಮಕ್ಕಳು ಮೇಲೆ ಬರಲಿಲ್ಲ ಎಂಬ ಸುದ್ದಿ ಪತ್ರಿಕೆಯ ಯಾವುದಾದರೊಂದು ಮೂಲೆಯಲ್ಲಿ ಇದ್ದೇ ಇರುತ್ತದೆ. ನೀರಿನ ಪಕ್ಕದಲ್ಲೇ ಬದುಕುವ ಒಂದು ಊರು ತನ್ನ ಮಕ್ಕಳಿಗೆ ಈಜು ಕಲಿಸಲೇಬೇಕೆಂದು ಹಟ ತೊಟ್ಟು ಕೈಯಾರೆ ಕೊಳ ಕಟ್ಟಿತು ಎಂಬುದು ನನ್ನ ಮಟ್ಟಿಗೆ ಯಾವ ಜಲಪಾತಕ್ಕಿಂತಲೂ ದೊಡ್ಡ ಸಂಗತಿ.

ತಂಗಿ ಇರುವುದು ಕೋಪನ್‌ಹೇಗನ್ನಿನಲ್ಲಿ. ಅವಳು ಮೊದಲೇ ಬಂದು, ಬಾಡಿಗೆ ಕಾರು ಹಿಡಿದು, ಕೆಫ್ಲಾವಿಕ್ ವಿಮಾನ ನಿಲ್ದಾಣದಲ್ಲಿ ಕಾಯುತ್ತಿದ್ದಳು. ನನ್ನನ್ನು ನೋಡಿದವಳೇ, "ಅಕ್ಕ, ಮೊದಲು ಈ ಜಾಕೆಟ್ ಹಾಕಿಕೋ ಮಾರಾಯ್ತಿ, ಮಾತು ಆಮೇಲೆ" ಎಂದಳು. ಬಾಗಿಲು ದಾಟಿದ ಕೂಡಲೇ ಅದು ಯಾಕೆಂದು ಗೊತ್ತಾಯಿತು. ಜೂನ್ ತಿಂಗಳು, ಬಿಸಿಲೂ ಇತ್ತು, ಆದರೆ ಗಾಳಿ ಮುಖದ ಚರ್ಮವನ್ನೇ ಎಳೆಯುವಂತಿತ್ತು. ರಸ್ತೆಯ ಎರಡೂ ಕಡೆ ಕಪ್ಪು ಲಾವಾದ ಬಯಲು, ಅದರ ಮೇಲೆ ದಪ್ಪಗೆ ಬೂದು ಹಸಿರಿನ ಪಾಚಿ. ಮರ ಎಂಬುದು ಕಣ್ಣಿಗೇ ಬೀಳಲಿಲ್ಲ.

ಉಳಿದುಕೊಂಡ ಕೋಣೆಯಲ್ಲಿ ಬಿಸಿನೀರಿನ ನಲ್ಲಿ ತಿರುಗಿಸಿದಾಗ ಗಂಧಕದ ವಾಸನೆ ಬಂತು. ಆ ನೀರನ್ನು ಯಾವ ಬಾಯ್ಲರೂ ಕಾಯಿಸಿದ್ದಲ್ಲ, ಭೂಮಿಯೊಳಗಿಂದಲೇ ಬಿಸಿಯಾಗಿ ಬರುವಂಥದ್ದು. ಅಮೆರಿಕ ಮತ್ತು ಯುರೇಷ್ಯಾದ ಭೂಫಲಕಗಳು ವರ್ಷಕ್ಕೆ ಸುಮಾರು 2 ಸೆಂಟಿಮೀಟರಿನಂತೆ ಒಂದರಿಂದ ಒಂದು ದೂರ ಸರಿಯುತ್ತಿರುವ ಗೆರೆಯ ಮೇಲೆಯೇ ಈ ದೇಶ ಕೂತಿದೆ. ಮಳೆ ಮತ್ತು ಹಿಮದ ನೀರು ಬಿರುಕುಗಳಲ್ಲಿ ಇಳಿದು, ಆಳದ ಬಿಸಿ ಬಂಡೆಗೆ ತಾಗಿ ಕಾದು, ಮತ್ತೆ ಮೇಲೆ ಬರುತ್ತದೆ. ದೇಶದ ಮನೆಗಳಲ್ಲಿ ನೂರಕ್ಕೆ ಸುಮಾರು 90 ಬೆಚ್ಚಗಿರುವುದು ಈ ನೀರಿನಿಂದಲೇ. ತಣ್ಣೀರಿನ ನಲ್ಲಿಯಲ್ಲಿ ಯಾವ ವಾಸನೆಯೂ ಇಲ್ಲ, ಹಾಗೇ ಕುಡಿಯಬಹುದು.

ಸಂಜೆ ಸುಂಡ್‌ಹೋಟ್ಲಿನ್‌ಗೆ ಹೋದೆವು. 1937ರಲ್ಲಿ ತೆರೆದ ನಗರದ ಈಜುಮನೆ. ಊರಿಗೆಲ್ಲ ಎದ್ದು ಕಾಣುವ ಹಾಟ್‌ಗ್ರಿಮ್ಸ್ ಚರ್ಚಿನ ನಕ್ಷೆ ಬರೆದ ಗುಡ್ಯೋನ್ ಸಾಮುಯೆಲ್ಸೋನ್ ಅವರೇ ಇದರ ನಕ್ಷೆಯನ್ನೂ ಬರೆದವರು. ಕೊಳಕ್ಕೆ ಇಳಿಯುವ ಮೊದಲು ಬಟ್ಟೆಯೆಲ್ಲ ಕಳಚಿ ಸೋಪು ಹಚ್ಚಿ ಸ್ನಾನ ಮಾಡಲೇಬೇಕು, ಈಜುಡುಪು ಆಮೇಲೆ. ಮೈಯ ಎಲ್ಲೆಲ್ಲಿ ತಿಕ್ಕಬೇಕು ಎಂಬುದನ್ನು ಗೋಡೆಯ ಮೇಲಿನ ಚಿತ್ರದಲ್ಲೇ ಬಣ್ಣ ಹಚ್ಚಿ ತೋರಿಸಿದ್ದಾರೆ. ನಮ್ಮ ಕಡೆಯ ಹೆಂಗಸರಿಗೆ ಇದು ಸುಲಭದ ಮಾತಲ್ಲ. ನನಗೂ ಒಂದು ಕ್ಷಣ ಕಾಲು ಹಿಂದೆ ಸರಿಯಿತು. ಆದರೆ ಎಂಟು ವರ್ಷದ ಹುಡುಗಿಯಿಂದ ಎಂಬತ್ತು ದಾಟಿದ ಅಜ್ಜಿಯವರೆಗೆ ಯಾರೂ ಯಾರನ್ನೂ ನೋಡದೆ ತಮ್ಮ ಪಾಡಿಗೆ ತಾವು ತಲೆ ತೊಳೆದುಕೊಳ್ಳುತ್ತಿದ್ದರು. ಅವರ ನಡುವೆ ನಾಚಿಕೆಗೆ ಎಡೆಯೇ ಇರಲಿಲ್ಲ. ನೀರಿಗೆ ಔಷಧಿ ಕಡಿಮೆ ಹಾಕಬೇಕು, ಅದಕ್ಕೆ ಇಳಿಯುವವರು ಶುಚಿಯಾಗಿರಬೇಕು ಎನ್ನುವುದೇ ಈ ಕಟ್ಟುನಿಟ್ಟಿನ ಹಿಂದಿನ ಲೆಕ್ಕ. ಹೊರಗೆ ಬಿಸಿನೀರಿನ ಸಣ್ಣ ತೊಟ್ಟಿಗಳಲ್ಲಿ ಕುತ್ತಿಗೆವರೆಗೆ ಮುಳುಗಿ ಕೂತವರ ನಡುವೆ ಜೋರು ಮಾತು ನಡೆದಿತ್ತು. ಭಾಷೆ ತಿಳಿಯದಿದ್ದರೂ ಅದು ರಾಜಕೀಯವೇ ಇರಬೇಕು ಅನ್ನಿಸಿತು. ತಂಗಿ ಕೇಳಿ ನೋಡಿದಾಗ ಹೌದೆಂದು ಗೊತ್ತಾಯಿತು.

ಮಲಗುವಾಗ ರಾತ್ರಿ ಹನ್ನೊಂದೂವರೆ. ಕಿಟಕಿಯ ಹೊರಗೆ ಇನ್ನೂ ಬಿಸಿಲು.

ಬುಧವಾರ, ರೇಕ್ಯಾವಿಕ್‌ನಿಂದ ಸ್ಕೋಗಾರ್

ದೇಶದ ಸುತ್ತ ಹಾಯುವ 1ನೇ ನಂಬರ್ ರಸ್ತೆ ಹಿಡಿದು ಪೂರ್ವಕ್ಕೆ ಹೊರಟೆವು. ಹೆಟ್ಲಿಸ್‌ಹೇಯ್ದಿಯ ಘಟ್ಟ ಏರುತ್ತಿದ್ದಂತೆ ಗುಡ್ಡದ ತುಂಬ ಬಿಳಿ ಹಬೆ ಕಂಬಗಳು. ಅಲ್ಲಿಯ ಭೂಶಾಖ ಸ್ಥಾವರದಿಂದ ವಿದ್ಯುತ್ತಿನ ಜೊತೆಗೆ ಬಿಸಿನೀರೂ ಕೊಳವೆಯಲ್ಲಿ ರಾಜಧಾನಿಗೆ ಹೋಗುತ್ತದೆ. ಘಟ್ಟ ಇಳಿದರೆ ಕ್ವೇರಾಗೆರ್ದಿ. ಊರಿನ ನಡುವೆಯೇ ಹಬೆ ಏಳುತ್ತದೆ. ಅದೇ ಬಿಸಿಯಿಂದ ಗಾಜಿನ ಮನೆಗಳಲ್ಲಿ ಟೊಮೆಟೊ, ಸೌತೆ ಬೆಳೆಯುತ್ತಾರೆ, ಕೃಷಿ ಶಾಲೆಯವರು ಬಾಳೆಯನ್ನೂ ಬೆಳೆಸುತ್ತಾರೆ. ಉತ್ತರ ಧ್ರುವದ ವೃತ್ತ ಮುಟ್ಟಲಿಕ್ಕೆ ಸ್ವಲ್ಪವೇ ಬಾಕಿ ಇರುವ ಜಾಗದಲ್ಲಿ ಬಾಳೆಗೊನೆ!

ಸೆಲ್‌ಫಾಸ್ ದಾಟಿದ ಮೇಲೆ ನೆಲ ಚಪ್ಪಟೆ. ಬಲಗಡೆ ಕಾಣದಷ್ಟು ದೂರದಲ್ಲಿ ಸಮುದ್ರ, ಎಡಗಡೆ ಮೋಡ ಹೊದ್ದ ಬೆಟ್ಟಗಳು. ಮಾರ್ಕಾರ್‌ಫ್ಲ್ಯೋಟ್ ನದಿಯ ಸೇತುವೆ ಹತ್ತಿರ ಬಂದಾಗ ತಂಗಿ ಗಾಡಿ ನಿಧಾನ ಮಾಡಿದಳು. 2010ರ ಏಪ್ರಿಲ್ 14ರಂದು ಏಯಾಫ್ಯಾಟ್ಲಾಯೋಕುಟ್ಲ್ ಜ್ವಾಲಾಮುಖಿ ಹಿಮದ ಹೊದಿಕೆಯ ಅಡಿಯಿಂದ ಸಿಡಿದಾಗ, ಕರಗಿದ ಹಿಮ ಪ್ರವಾಹವಾಗಿ ಈ ನದಿಗೆ ನುಗ್ಗಿತ್ತು. ಸೇತುವೆ ಉಳಿಸಲಿಕ್ಕೆ ಎಂಜಿನಿಯರುಗಳು ಹೆದ್ದಾರಿಯನ್ನೇ ಯಂತ್ರದಿಂದ ಕಡಿದು ನೀರಿಗೆ ದಾರಿ ಬಿಟ್ಟರು. ರಸ್ತೆ ಹೋಯಿತು, ಸೇತುವೆ ನಿಂತಿತು. ಸುಮಾರು 800 ಜನ ಮನೆ ಬಿಟ್ಟು ಹೋಗಬೇಕಾಯಿತು. ಆ ಬೂದಿಯಿಂದ ಯುರೋಪಿನ ಆಕಾಶದಲ್ಲಿ ಸುಮಾರು ಒಂದು ಲಕ್ಷ ವಿಮಾನಯಾನ ರದ್ದಾದದ್ದು ನಮ್ಮಲ್ಲೂ ಹಲವರಿಗೆ ನೆನಪಿರಬಹುದು.

ಸೆಲ್ಯಾಲಾಂಡ್ಸ್‌ಫಾಸ್ ಜಲಪಾತದ ಹಿಂಬದಿಗೆ ನಡೆದುಹೋಗಬಹುದು. ಸುಮಾರು 60 ಮೀಟರ್ ಎತ್ತರ. ಜನ ಬಹಳ. ಒದ್ದೆಯಾಗಿ ಹೊರಬಂದೆವು.

ಅಲ್ಲಿಂದ ಮುಂದಿನ ದಾರಿಯೇ ಏಯಾಫ್ಯೋಟ್ಲ್ ಸೀಮೆ. ಒಂದು ಕಾಲದಲ್ಲಿ ಸಮುದ್ರ ಬಂದು ಬಡಿಯುತ್ತಿದ್ದ ಕಡಿದಾದ ಬಂಡೆಗೋಡೆ ಈಗ ಸಮುದ್ರದಿಂದ ಕೆಲವು ಕಿಲೋಮೀಟರ್ ಒಳಗೆ ನಿಂತಿದೆ. ಆ ಗೋಡೆಯ ಬುಡದಲ್ಲಿ ಸಾಲಾಗಿ ಕೆಂಪು ಮಾಡಿನ ಕೃಷಿಮನೆಗಳು, ಅವುಗಳ ಮುಂದೆ ಹುಲ್ಲುಗಾವಲು, ಅದರಾಚೆ ಕಪ್ಪು ಮರಳು, ಅದರಾಚೆ ಅಟ್ಲಾಂಟಿಕ್. ಬಂಡೆಯ ಪೊಟರೆಗಳಲ್ಲಿ ಬಿಳಿ ಫುಲ್ಮಾರ್ ಹಕ್ಕಿಗಳು ಗೂಡು ಕಟ್ಟಿದ್ದವು. ಕಡಲಿನಲ್ಲಿ ವೆಸ್ಟ್‌ಮನ್ನಾಏಯಾರ್ ದ್ವೀಪಗಳು ನೀಲಿಯಾಗಿ ಕಾಣುತ್ತಿದ್ದವು.

ಸ್ಕೋಗಾರ್‌ನ ಜನಪದ ಸಂಗ್ರಹಾಲಯ ನೋಡದೆ ಕೊಳಕ್ಕೆ ಹೋಗಬಾರದು ಎಂದು ನಾನು ಮೊದಲೇ ನಿಶ್ಚಯಿಸಿದ್ದೆ. 1949ರಲ್ಲಿ ಇದನ್ನು ಆರಂಭಿಸಿದವರು ಥೋರ್ದುರ್ ಟೋಮಾಸೋನ್. ಊರೂರು ತಿರುಗಿ ಕುದುರೆ ಜೀನಿನಿಂದ ಹಿಡಿದು ಹುಲ್ಲು ಹೊದಿಸಿದ ಮನೆಗಳವರೆಗೆ ಕೂಡಿಸಿ, ನೂರು ವರ್ಷ ಬದುಕಿ, 2022ರಲ್ಲಿ ತೀರಿಕೊಂಡರು. ಒಳಗೆ ದೊಡ್ಡ ಕೋಣೆಯ ತುಂಬ ನಿಂತಿರುವುದು ಪೇತುರ್ಸೇ ಎಂಬ ಎಂಟು ಹುಟ್ಟಿನ ದೋಣಿ. 1855ರಲ್ಲಿ ಕಟ್ಟಿದ್ದು, ಸುಮಾರು ತೊಂಬತ್ತು ವರ್ಷ ಕಡಲಿಗೆ ಇಳಿದಿತ್ತು. ನಾನು ಅದರ ಸುತ್ತ ನಡೆದೆ. ಮೇಲೆ ಅಟ್ಟವಿಲ್ಲ, ಮುಚ್ಚಿಗೆಯಿಲ್ಲ. ಹುಟ್ಟು ತಿಕ್ಕಿ ತಿಕ್ಕಿ ಅಂಚಿನ ಮರ ಸವೆದಿದೆ. ಕೂರುವ ಹಲಗೆಯ ಮೇಲೆ ಕೈಯಿಟ್ಟು ನೋಡಿದರೆ ಅಡಿಗೂ ನನ್ನ ಅಂಗೈಗೂ ಮಧ್ಯೆ ಇದ್ದದ್ದು ಒಂದೇ ಪದರ ಮರ.

ಈ ದಕ್ಷಿಣ ತೀರದ ಉದ್ದಕ್ಕೂ ಸ್ವಾಭಾವಿಕ ಬಂದರಿಲ್ಲ. ಕಲ್ಲುಕೊಲ್ಲಿ ಇಲ್ಲ, ಅಳಿವೆಯ ಆಸರೆ ಇಲ್ಲ, ಬರೀ ಮರಳು. ಚಳಿಗಾಲದ ಕೊನೆಯಲ್ಲಿ ಕಾಡ್ ಮೀನು ಬರುವ ಹೊತ್ತಿಗೆ ಈ ಕೃಷಿಕರೇ ಮೀನುಗಾರರಾಗಿ, ಮೀನೆಣ್ಣೆ ಬಳಿದ ಚರ್ಮದ ಉಡುಪು ತೊಟ್ಟು, ದೋಣಿಯನ್ನು ಅಲೆಯ ಎದುರೇ ನೂಕಬೇಕಿತ್ತು. ಹೋಗುವುದು ಒಂದು ಕಷ್ಟವಾದರೆ, ಮೀನು ತುಂಬಿಕೊಂಡು ಮತ್ತೆ ಅಲೆ ಸೀಳಿ ದಡ ಸೇರುವುದು ಇನ್ನೂ ಕಷ್ಟ. ದಡ ಕಣ್ಣೆದುರೇ ಕಾಣುವಾಗ ಮಗುಚಿದ ದೋಣಿಗಳು ಎಷ್ಟೋ. ನೋಡುತ್ತ ನಿಂತ ಹೆಂಡತಿ ಮಕ್ಕಳ ಎದುರೇ ಮುಳುಗಿದ ಗಂಡಸರು ಎಷ್ಟೋ. ಅವರಲ್ಲಿ ಬಹುಪಾಲು ಜನಕ್ಕೆ ಈಜು ಬರುತ್ತಿರಲಿಲ್ಲ. ಹತ್ತೊಂಬತ್ತನೇ ಶತಮಾನದ ಐಸ್‌ಲ್ಯಾಂಡಿನಲ್ಲಿ ಈಜು ಬಲ್ಲವರೇ ಅಪರೂಪ. ತಂಗಿ ದೋಣಿಯ ಇನ್ನೊಂದು ಬದಿಯಲ್ಲಿ ನಿಂತು, "ಅಕ್ಕ, ಅಷ್ಟು ತಣ್ಣಗಿನ ಸಮುದ್ರದಲ್ಲಿ ಯಾರು ಎಲ್ಲಿ ಕಲಿಯುವುದು ಹೇಳು?" ಎಂದಳು. ಸರಿಯಾದ ಪ್ರಶ್ನೆ. ಉತ್ತರ ಹತ್ತು ಕಿಲೋಮೀಟರ್ ಆಚೆ ಬೆಟ್ಟದ ಸಂದಿನಲ್ಲಿತ್ತು.

ಗುರುವಾರ, ಕೊಳದಲ್ಲಿ

ಜನ ಸೇರುವ ಮೊದಲೇ ಹೋಗಬೇಕೆಂದು ಬೆಳಗ್ಗೆ ಐದಕ್ಕೇ ಎದ್ದೆವು. ಬೆಳಕಿಗೇನೂ ಕೊರತೆ ಇರಲಿಲ್ಲ. ಹೆದ್ದಾರಿಯಿಂದ 242ನೇ ನಂಬರ್ ಅಡ್ಡರಸ್ತೆಗೆ ತಿರುಗಿ ಸೆಲ್ಯಾವೆಟ್ಲಿರ್ ಎಂಬ ಕೃಷಿಮನೆಯವರೆಗೆ ಹೋದರೆ ಅಲ್ಲಿಗೆ ದಾರಿ ಮುಗಿಯಿತು. ಕಾರು ಬಿಟ್ಟು ನಡೆಯಬೇಕು. ಕೊಳಕ್ಕೆ ಕೈಕಂಬವಾಗಲಿ, ಟಿಕೆಟ್ ಕಟ್ಟೆಯಾಗಲಿ ಇಲ್ಲ. ಪ್ರವೇಶ ಉಚಿತ, ಕಾವಲಿನವರಿಲ್ಲ, ನೀರಿಗೆ ಬಿದ್ದರೆ ಎತ್ತುವವರೂ ಇಲ್ಲ.

ಲೋಯ್ಗಾರೌ ಹೊಳೆಯ ಬದಿಯಲ್ಲಿ ದಾರಿ. ಹೊಳೆಯ ಪಾತ್ರ ಅಗಲ, ಅದರ ತುಂಬ ಬೂದುಬಣ್ಣದ ಉರುಟು ಕಲ್ಲು, ನೀರು ಮಾತ್ರ ಎರಡು ಮೂರು ಎಳೆಯಾಗಿ ಹರಿಯುತ್ತಿತ್ತು. ಕಲ್ಲಿನ ಮೇಲೆ ಕಲ್ಲು ಹುಡುಕಿ ಹೆಜ್ಜೆ ಇಡಬೇಕು. ಬೆಟ್ಟದಿಂದ ಇಳಿಯುವ ಸಣ್ಣ ತೊರೆಗಳನ್ನು ದಾಟಲಿಕ್ಕೆ ಸಂಕವಿಲ್ಲ. ತಂಗಿ ಹಾರಿ ದಾಟಿದಳು, ನಾನು ಶೂ ಬಿಚ್ಚಿ ಕೈಯಲ್ಲಿ ಹಿಡಿದೆ. ಹಿಮ ಕರಗಿದ ನೀರು, ಪಾದದ ಮೂಳೆಯೊಳಗೇ ನೋವು ಹತ್ತಿತು. ಎರಡೂ ಕಡೆಯ ಇಳಿಜಾರು ಎಷ್ಟು ಕಡಿದು ಎಂದರೆ ಕುರಿಗಳು ಮರಿ ಕಟ್ಟಿಕೊಂಡು ಮೇಲೆ ಎಲ್ಲೋ ಗೋಡೆಗೆ ಅಂಟಿದ ಹಾಗೆ ಮೇಯುತ್ತಿದ್ದವು. ಇಡೀ ಕಣಿವೆ ಕಣ್ಣು ಕುಕ್ಕುವ ಹಸಿರು. 2010ರ ಬೂದಿಯೇ ಆಮೇಲೆ ಗೊಬ್ಬರವಾಯಿತು ಎಂದು ಹಿಂದಿನ ರಾತ್ರಿ ನಮ್ಮ ವಸತಿಯ ಅಮ್ಮ ಹೇಳಿದ್ದು ನೆನಪಾಯಿತು.

ಕಾಲು ಗಂಟೆಗಿಂತ ತುಸು ಹೆಚ್ಚು ನಡೆದಿರಬೇಕು. ಕಣಿವೆ ಎಡಕ್ಕೆ ಬಾಗಿದ ಕಡೆ ಮೊದಲು ಕಂಡದ್ದು ಬಿಳಿ ಸುಣ್ಣದ ಒಂದು ಗಿಡ್ಡ ಕಟ್ಟಡ, ಆಮೇಲೆ ಅದರ ಮುಂದೆ ಉದ್ದಕ್ಕೆ ಮಲಗಿದ ಹಸಿರು ನೀರು. ಸುತ್ತ ಬೇರೆ ಏನೂ ಇಲ್ಲ. ಮನುಷ್ಯನ ಕೈ ಮುಟ್ಟಿದ್ದು ಆ ಕಣಿವೆಯಲ್ಲಿ ಅದೊಂದೇ. "ಬಂತು ಅಕ್ಕ, ನಿನ್ನ ಕೊಳ" ಎಂದಳು ತಂಗಿ. ನನಗೆ ಗಂಟಲು ಕಟ್ಟಿತು.

ಹತ್ತಿರ ಹೋಗಿ ಮೊದಲು ಗೋಡೆ ಮುಟ್ಟಿದೆ. ಕೊಳಕ್ಕೆ ಮೂರು ಕಡೆ ಮಾತ್ರ ಕಾಂಕ್ರೀಟು, ನಾಲ್ಕನೆಯ ಕಡೆ ಬೆಟ್ಟವೇ ಗೋಡೆ. ಕಟ್ಟಿದವರ ಜಾಣತನ ಅದು. ಒಂದು ಉದ್ದದ ಗೋಡೆಯ ಸಿಮೆಂಟು ಉಳಿಯಿತು, ಬಿಸಿನೀರಿನ ಒರತೆಯೂ ಅಲ್ಲೇ ಬಗಲಿಗೆ ಸಿಕ್ಕಿತು. ಕಾಂಕ್ರೀಟಿನ ಮೇಲೆ ಬಳಿದ ಬಿಳಿ ಬಣ್ಣ ಅಲ್ಲಲ್ಲಿ ಎದ್ದು, ಒಳಗಿನ ಜಲ್ಲಿ ಕಾಣುತ್ತಿತ್ತು. ನುಣುಪಾದ ಉರುಟು ಜಲ್ಲಿ, ಈಗಷ್ಟೇ ನಾವು ತುಳಿದು ಬಂದ ಹೊಳೆಯ ಕಲ್ಲಿನ ಜಾತಿಯದೇ. ಬಂಡೆಯ ಕಡೆ ಕರಿಕಲ್ಲಿನ ಮೇಲೆ ಹಸಿರು, ಕಂದು, ಒಂದೊಂದು ಕಡೆ ಕಿತ್ತಳೆ ಬಣ್ಣದ ಲೋಳೆ ಹಿಡಿದ ಗೆರೆಗಳು. ಆ ಗೆರೆಗಳ ಉದ್ದಕ್ಕೂ ನೀರು ಒಸರುತ್ತದೆ. ಬೆರಳಿಟ್ಟೆ. ಬಿಸಿ. ಸುಡುವುದಿಲ್ಲ, ಆದರೆ ತುಂಬ ಹೊತ್ತು ಬೆರಳು ಇಟ್ಟುಕೊಳ್ಳುವುದೂ ಕಷ್ಟ. ಪಕ್ಕದಲ್ಲಿ ಒಂದು ಕೊಳವೆಯಿಂದಲೂ ಬಿಸಿನೀರು ಕೊಳಕ್ಕೆ ಬೀಳುತ್ತಿತ್ತು.

ಬಟ್ಟೆ ಬದಲಿಸುವ ಕೋಣೆಗಳ ಸ್ಥಿತಿ ನೋಡಿ ಬೇಸರವಾಯಿತು. ಬೆಂಚಿನ ಮೇಲೆ ಯಾರೋ ಬಿಟ್ಟುಹೋದ ಒದ್ದೆ ಟವಲುಗಳು, ಮೂಲೆಯಲ್ಲಿ ಬಿಯರ್ ಕ್ಯಾನು, ನೆಲದಲ್ಲಿ ಕೆಸರು. ಇಲ್ಲಿ ಕಸ ಒಯ್ಯಲಿಕ್ಕೆ ಯಾರೂ ಬರುವುದಿಲ್ಲ. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಸ್ವಯಂಸೇವಕರು ಕೊಳ ಖಾಲಿ ಮಾಡಿ, ಪಾಚಿ ಉಜ್ಜಿ ತೊಳೆಯುತ್ತಾರೆ, ಅಷ್ಟೆ. ದೂರದ ದೇಶಗಳಿಂದ ಚಿತ್ರ ತೆಗೆಯಲಿಕ್ಕೆಂದು ಬರುವವರು ಈ ಸೌಜನ್ಯವನ್ನಾದರೂ ತೋರಿಸಬಾರದೇ? ನಾವಿಬ್ಬರೂ ಕೈಗೆ ಸಿಕ್ಕಿದ್ದನ್ನೆಲ್ಲ ಒಂದು ಚೀಲಕ್ಕೆ ತುಂಬಿ ಹೊರಗಿಟ್ಟೆವು, ವಾಪಸು ಹೋಗುವಾಗ ಒಯ್ಯಲಿಕ್ಕೆ.

ನೀರಿಗೆ ಇಳಿದೆ. ಹಂಡೆಯಿಂದ ತೋಡಿ ಬಕೆಟಿಗೆ ಹಾಕಿ, ಯಾರೋ ಕರೆದರೆಂದು ಹೋಗಿ ಬಂದ ಮೇಲೆ ಇರುತ್ತದಲ್ಲ, ಆ ಹದದ ನೀರು. ಮೈ ಕಾಯಿಸುವಷ್ಟಿಲ್ಲ, ಆದರೆ ಗಾಳಿಯ ಚಳಿಯಿಂದ ಬಂದವರಿಗೆ ಹಿತ. ತಳ ಪೂರ್ತಿ ಪಾಚಿ, ಕಾಲು ಊರಿದರೆ ಜಾರುತ್ತದೆ. ನೀರಿಗೆ ಔಷಧಿ ಹಾಕುವುದಿಲ್ಲವಾದ್ದರಿಂದ ಹಸಿರು ಬಣ್ಣ. ನಿಮ್ಮ ಕೈಯನ್ನು ನೀರೊಳಗೆ ಮೊಳದಷ್ಟು ಆಳಕ್ಕೆ ಇಟ್ಟರೆ ಬೆರಳು ಮಸುಕು. ಬಿಸಿ ಬರುವ ಮೂಲೆಯಿಂದ ದೂರ ಹೋದಷ್ಟೂ ತಣ್ಣಗಾಗುತ್ತದೆ. ಉದ್ದ 25 ಮೀಟರ್, ಅಗಲ 10 ಮೀಟರ್. ಈಗಿನ ಸ್ಪರ್ಧೆಗಳ ಸಣ್ಣ ಕೊಳದ ಉದ್ದ ಇಷ್ಟೇ. 1936ರವರೆಗೆ ಇಡೀ ಐಸ್‌ಲ್ಯಾಂಡಿನಲ್ಲಿ ಇದಕ್ಕಿಂತ ದೊಡ್ಡ ಈಜುಕೊಳ ಇರಲಿಲ್ಲ! ರಾಜಧಾನಿಯಲ್ಲೂ ಇರಲಿಲ್ಲ. ಕೆಲವು ಕುರಿಮನೆಗಳ ಒಂದು ಸೀಮೆಯಲ್ಲಿ ಇತ್ತು.

ಕಟ್ಟಿದವರು ಏಯ್‌ಫೆಟ್ಲಿಂಗುರ್ ಎಂಬ ಊರಿನ ಯುವಕ ಸಂಘದವರು. ಮುಂದೆ ನಿಂತು ನಡೆಸಿದವರು ಬೆರ್ಯಾನೆಸ್‌ಕೋಟ್ ಎಂಬ ಮನೆಯ ಬ್ಯೋರ್ನ್ ಆಂಡ್ರೇಸೋನ್. ಐಸ್‌ಲ್ಯಾಂಡಿನಲ್ಲಿ ಯುವಕ ಸಂಘಗಳ ಚಳವಳಿ 1906ರಲ್ಲಿ ಅಕುರೇರಿಯಲ್ಲಿ ಆರಂಭವಾಗಿ ಹಳ್ಳಿಹಳ್ಳಿಗೆ ಹಬ್ಬಿತ್ತು. ಡೆನ್ಮಾರ್ಕಿನ ಆಳ್ವಿಕೆಯಿಂದ ದೇಶ ಹೊರಬರುತ್ತಿದ್ದ ಕಾಲ. 1918ರಲ್ಲಿ ಸಾರ್ವಭೌಮತ್ವ ಸಿಕ್ಕಿತು, ಗಣರಾಜ್ಯವಾದದ್ದು 1944ರಲ್ಲಿ. ಭಾಷಣ, ಹಾಡು, ಗಿಡ ನೆಡುವುದು, ಕುಸ್ತಿ, ಇವುಗಳ ಜೊತೆಗೆ ಈಜು ಕಲಿಸುವುದೂ ದೇಶಸೇವೆಯೆಂದು ಆ ಸಂಘಗಳು ತಿಳಿದಿದ್ದವು. ಹಳ್ಳಿಗಾಡಿನಲ್ಲಿ ಸಾಮಾನು ಬಹುತೇಕ ಕುದುರೆಯ ಬೆನ್ನಿನ ಮೇಲೇ ಸಾಗುತ್ತಿದ್ದ ದಿನಗಳು. ನಾವು ಬೆನ್ನಿಗೊಂದು ಸಣ್ಣ ಚೀಲ ಹಾಕಿಕೊಂಡು ತೊರೆ ದಾಟಲಿಕ್ಕೆ ಪಟ್ಟ ಪಾಡು ನೆನೆದರೆ, ಸಿಮೆಂಟು ಚೀಲ ಒಯ್ದವರ ದುಡಿಮೆ ಎಂಥದ್ದೆಂದು ಅಂದಾಜಾಗುತ್ತದೆ. 1927ರಲ್ಲಿ ಇಲ್ಲಿಯ ಮಕ್ಕಳಿಗೆ ಈಜು ಕಡ್ಡಾಯ ಪಾಠವಾಯಿತು. ಇಡೀ ದೇಶದ ಶಾಲೆಗಳಲ್ಲಿ ಅದು ಕಡ್ಡಾಯವಾದದ್ದು 1940ರಲ್ಲಿ. ಈ ಕಣಿವೆ ಸರಕಾರಕ್ಕಿಂತ ಹದಿಮೂರು ವರ್ಷ ಮುಂದಿತ್ತು.

ಇನ್ನೊಂದು ವಿಷಯವೂ ಅಲ್ಲೇ ತೇಲುತ್ತಿದ್ದಾಗ ಹೊಳೆಯಿತು. 2010ಕ್ಕೆ ಮೊದಲು ಈ ಪರ್ವತ ಸಿಡಿದದ್ದು 1821ರಿಂದ 1823ರವರೆಗೆ. ಅಂದರೆ ಸ್ಫೋಟ ನಿಂತು ಸರಿಯಾಗಿ ನೂರು ವರ್ಷಕ್ಕೆ ಇವರು ಅದೇ ಪರ್ವತದ ಪಕ್ಕೆಯಲ್ಲಿ ಕೊಳ ಕಟ್ಟಿದರು. ಕೊಲ್ಲಬಲ್ಲ ಬೆಂಕಿ ಯಾವುದೋ, ನೀರು ಕಾಯಿಸಿಕೊಡುವುದೂ ಅದೇ. ಅದರ ಜೊತೆ ಬಾಳುವುದು ಬಿಟ್ಟು ಈ ಜನಕ್ಕೆ ಬೇರೆ ದಾರಿಯಿರಲಿಲ್ಲ.

ನಮ್ಮ ಪುತ್ತೂರು ತಾಲೂಕಿನ ಇರ್ದೆಯಲ್ಲಿ ಸೀರೆ ಹೊಳೆಯ ದಡದಲ್ಲಿ ಬೆಂದ್ರ್ ತೀರ್ಥ ಇದೆ. ನೆಲದಿಂದ ಬಿಸಿನೀರು ಬರುವ ಜಾಗ. ಚಿಕ್ಕಂದಿನಲ್ಲಿ ಅಜ್ಜಿಯ ಜೊತೆ ನಾವಿಬ್ಬರೂ ಅಲ್ಲಿ ಮಿಂದವರು. ಅದು ಪುಣ್ಯಸ್ನಾನದ ನೀರು, ಚರ್ಮದ ಕಾಯಿಲೆ ವಾಸಿಯಾಗುತ್ತದೆಂದು ನಂಬಿಕೆ. "ಅಜ್ಜಿ ಇದ್ದಿದ್ದರೆ ಇಲ್ಲಿಯೂ ಒಂದು ಗುಡಿ ಹುಡುಕುತ್ತಿದ್ದರು" ಎಂದಳು ತಂಗಿ. ಹುಡುಕುತ್ತಿದ್ದರು, ನಿಜ. ಬಿಸಿನೀರು ಕಂಡಲ್ಲಿ ಒಂದು ಊರು ತೀರ್ಥ ಕಂಡಿತು, ಇನ್ನೊಂದು ಊರು ಶಾಲೆ ಕಂಡಿತು. ಎರಡನ್ನೂ ನಾನು ಗೌರವಿಸುತ್ತೇನೆ.

ನಾವು ಇದ್ದಷ್ಟು ಹೊತ್ತು ಬಂದವರು ಕಡಿಮೆ. ಬೆನ್ನುಚೀಲದ ಒಬ್ಬ ಹುಡುಗ ಬಂದು ಈಜಿ ಹೋದ. ಆಮೇಲೆ ವಯಸ್ಸಾದ ಗಂಡಹೆಂಡತಿ. ಆಕೆ ಬಂಡೆಯ ಕಡೆಯ ಅಂಚು ಹಿಡಿದು ನಿಧಾನವಾಗಿ ಇಳಿದು, ತಲೆ ನೀರಿನಿಂದ ಮೇಲಿಟ್ಟು, ಕಪ್ಪೆಯ ಹೊಡೆತದಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದರು. ಮೊಣಕೈ ಎಲ್ಲಿ ಮಡಿಸಬೇಕು, ಉಸಿರು ಎಲ್ಲಿ ಬಿಡಬೇಕು ಎಂಬ ಲೆಕ್ಕ ಮೈಗೆ ಹತ್ತಿದವರ ಈಜು. ಗುರುವೊಬ್ಬರು ಪಕ್ಕದಲ್ಲಿ ನಿಂತು ತಿದ್ದಿದ ಕೈಗಳವು ಎಂದು ಪಾಠ ಹೇಳುವವಳಾದ ನನಗೆ ನೋಡಿದ ಕೂಡಲೇ ಗೊತ್ತಾಯಿತು. ಮಾತಾಡಿಸಿದಾಗ ತಾವು ಪಕ್ಕದ ಸೀಮೆಯವರೆಂದು ಹೇಳಿ ನಕ್ಕರು.

ಹತ್ತು ಗಂಟೆಯ ಹೊತ್ತಿಗೆ ಮೋಡ ಕಣಿವೆಯೊಳಗೇ ಇಳಿಯಿತು. ಅಡ್ಡಮಳೆ. ಕಸದ ಚೀಲ ಹಿಡಿದು ಕಾರಿಗೆ ಮರಳುವಷ್ಟರಲ್ಲಿ, ಬರುವಾಗ ತಂಗಿ ಹಾರಿದ ತೊರೆ ಅವಳಿಗೂ ಮೊಣಕಾಲುದ್ದವಾಗಿತ್ತು. ಹೋಗುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ಮಳೆ ಬಂದರೆ ಕಾಯದೆ ಹೊರಡಿ.

ಮಧ್ಯಾಹ್ನವೆಲ್ಲ ವಸತಿಯ ಅಡುಗೆಮನೆಯಲ್ಲಿ. ಆ ಅಮ್ಮ ತೆಳುವಾದ ಸಿಹಿದೋಸೆ ಮಾಡಿ, ರೂಬಾರ್ಬ್ ಎಂಬ ಹುಳಿದಂಟಿನ ಜಾಮು ಹಚ್ಚಿ ಕೊಟ್ಟರು. ತಾಯಿಯೂ ಅತ್ತೆಯೂ ಅದೇ ಕೊಳದಲ್ಲಿ ಕಲಿತವರಂತೆ. ಬೂದಿಯ ದಿನಗಳನ್ನು ಅವರು ಕಣ್ಣಿಗೆ ಕಟ್ಟುವಂತೆ ಹೇಳಿದರು. ಹಗಲಿನಲ್ಲೇ ಕತ್ತಲೆ, ಚಾಚಿದ ಕೈ ಕಾಣದಂಥ ಕತ್ತಲೆ. ಕಿಟಕಿಯ ಸಂದುಗಳಿಗೆ ಒದ್ದೆ ಬಟ್ಟೆ ತುರುಕಿದರೂ ಹಾಸಿಗೆಯ ಮೇಲೆ ಬೂದಿ. ದನಗಳನ್ನು ಕೊಟ್ಟಿಗೆಯೊಳಗೇ ಕಟ್ಟಿ, ಕುದುರೆಗಳನ್ನು ಬೇರೆ ಸೀಮೆಗೆ ಸಾಗಿಸಿದರು. ಕೊಳ ಪೂರ್ತಿ ಬೂದಿಯಿಂದ ತುಂಬಿಹೋಯಿತು. ಬೆಟ್ಟದ ಮೇಲೆ ಬಿದ್ದದ್ದೂ ಮಳೆಗೆ ಕೊಚ್ಚಿ ಅಲ್ಲಿಗೇ ಬಂತು. ಆ ಹೊತ್ತಿಗೆ ಕೆಳಗೆ 1990ರಲ್ಲಿ ಕಟ್ಟಿದ ಹೊಸ ಕೊಳವಿತ್ತು, ಹಳೆಯದರ ಅಗತ್ಯ ಯಾರಿಗೂ ಇರಲಿಲ್ಲ. ಆದರೂ ಮರುವರ್ಷ, 2011ರ ಬೇಸಿಗೆಯಲ್ಲಿ, ಜನ ಸೇರಿ ಹೂಳು ತೆಗೆದು ಮತ್ತೆ ನೀರು ತುಂಬಿಸಿದರು. ಈ ಅಮ್ಮನೂ ಸಲಿಕೆ ಹಿಡಿದು ಹೋಗಿದ್ದರು. "ಒದ್ದೆ ಬೂದಿ ಸಿಮೆಂಟಿನಷ್ಟೇ ಭಾರ" ಎಂದು ಭುಜ ಒತ್ತಿಕೊಂಡು ಹೇಳಿದರು. ಯಾಕೆ ಅಷ್ಟು ಕಷ್ಟ ಪಟ್ಟಿರಿ ಎಂದು ಕೇಳಬೇಕೆನ್ನಿಸಿತ್ತು, ಕೇಳಲಿಲ್ಲ. ಪಕ್ಕದ ಗೋಡೆಯ ಮೇಲೆ ಈಜುಡುಪು ತೊಟ್ಟ ಹುಡುಗಿಯರ ಸಾಲಿನ ಕಪ್ಪುಬಿಳುಪು ಚಿತ್ರ ನೇತಾಡುತ್ತಿತ್ತು, ಎಡದಿಂದ ಮೂರನೆಯವರು ಅವರ ತಾಯಿ.

ಶುಕ್ರವಾರ, ಮರಳಿ ರೇಕ್ಯಾವಿಕ್

ಬೆಳಗ್ಗೆ ಸ್ಕೋಗಾಫಾಸ್ ಜಲಪಾತ ನೋಡಿ ಹೊರಟು ಮಧ್ಯಾಹ್ನಕ್ಕೆ ರಾಜಧಾನಿ ಸೇರಿದೆವು.

ಲೋಯ್ಗಾರ್‌ಡಾಲುರ್ ಎಂಬ ಬಡಾವಣೆಯಲ್ಲಿ ಹಳೆಯ ಬಟ್ಟೆ ಒಗೆಯುವ ಬಿಸಿ ಒರತೆಗಳ ಜಾಗವನ್ನು ಕಾಪಾಡಿಟ್ಟಿದ್ದಾರೆ. ಹಿಂದೆ ಮನೆಗೆಲಸದ ಹೆಂಗಸರು ಪೇಟೆಯಿಂದ ಸುಮಾರು 3 ಕಿಲೋಮೀಟರ್ ದೂರ ಬಟ್ಟೆಯ ಗಂಟು ಬೆನ್ನಿಗೇರಿಸಿಕೊಂಡು, ಹಿಮದಲ್ಲೂ ಕತ್ತಲಲ್ಲೂ ನಡೆದು ಬರುತ್ತಿದ್ದರು. ಕುದಿಯುವ ನೀರಿಗೆ ಬಿದ್ದು ಸತ್ತವರೂ ಇದ್ದಾರೆ. ಅದಕ್ಕೇ ಒರತೆಯ ಮೇಲೆ ಕಬ್ಬಿಣದ ಕಮಾನು ಸರಳು ಹಾಕಿದ್ದು ಇಂದಿಗೂ ಇದೆ. ಈಗ ಅಂಗಡಿಗಳಿಂದ ತುಂಬಿರುವ ಲೋಯ್ಗಾವೇಗುರ್ ಬೀದಿ ಮೊದಲಾದದ್ದು ಈ ಹೆಂಗಸರ ದಾರಿಯಾಗಿ, 1885ರ ಹೊತ್ತಿಗೆ. 1930ರಲ್ಲಿ ಇದೇ ಜಾಗದ ನೀರನ್ನು ಕೊಳವೆಯಲ್ಲಿ ಒಯ್ದು ಮೊದಲು ಬೆಚ್ಚಗೆ ಮಾಡಿದ ಕಟ್ಟಡಗಳಲ್ಲಿ ಒಂದು ಶಾಲೆ.

ಅಲ್ಲಿಂದ ಕೂಗಳತೆಯಲ್ಲಿ ನಗರದ ದೊಡ್ಡ ಈಜುಕೊಳ. ಬೇಸಿಗೆ ರಜೆಯ ತರಗತಿ ನಡೆಯುತ್ತಿತ್ತು. ಐದಾರು ವರ್ಷದ ಮಕ್ಕಳು ಅಂಚಿನಲ್ಲಿ ಸಾಲಾಗಿ ಕೂತು ಕಾಲು ಬಡಿಯುತ್ತಿದ್ದರು. ಅದರಲ್ಲೊಬ್ಬ ಹುಡುಗ ನೀರಿಗೆ ಮುಖ ಹಾಕಲು ಒಪ್ಪುತ್ತಿರಲಿಲ್ಲ. ಟೀಚರು ಗದರಿಸಲಿಲ್ಲ, ಬಿಡಲೂ ಇಲ್ಲ. ತಾವೇ ಎದುರಿಗೆ ನಿಂತು ಗಲ್ಲ ಮುಳುಗಿಸಿ ಗುಳುಗುಳು ಗುಳ್ಳೆ ಬಿಟ್ಟು ತೋರಿಸಿದರು, ಮತ್ತೆ ತೋರಿಸಿದರು, ಮತ್ತೆ. ಆಮೇಲೆ ಹುಡುಗನೂ ಗುಳ್ಳೆ ಬಿಟ್ಟ. ಸಾಲಿನ ಉಳಿದವರೆಲ್ಲ ಚಪ್ಪಾಳೆ ತಟ್ಟಿದರು.

"ನಿಮ್ಮ ಶಾಲೆಯಿಂದ ಬಾಲವನ ಎಷ್ಟು ದೂರ ಅಕ್ಕ?" ಎಂದು ತಂಗಿ ಕೇಳಿದಳು. ಶಿವರಾಮ ಕಾರಂತರು ಇದ್ದ ಪುತ್ತೂರಿನ ಬಾಲವನದಲ್ಲಿ ಈಗ ಒಳ್ಳೆಯ ಈಜುಕೊಳವಿದೆ, ಮಕ್ಕಳಿಗೆ ಕಲಿಸುವವರೂ ಇದ್ದಾರೆ.

"ಬಸ್ಸಿನಲ್ಲಿ ಅರ್ಧ ಗಂಟೆ."

"ಮತ್ತೆ?"

ಅಲ್ಲೇ ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದೆವು. ಐದನೇ ತರಗತಿಯ ಮಕ್ಕಳು, ಶನಿವಾರ ಮಧ್ಯಾಹ್ನ, ಒಂದು ಬಸ್ಸಿನ ಬಾಡಿಗೆ, ಜೊತೆಗೆ ಬರಲು ಇಬ್ಬರು ತಾಯಂದಿರು. ಹುಡುಗಿಯರ ಈಜುಡುಪಿನ ಬಗ್ಗೆ ಮನೆಯವರನ್ನು ಒಪ್ಪಿಸಬೇಕು, ಅದು ನನ್ನ ಕೆಲಸ. ಮೊದಲ ವರ್ಷದ ಬಸ್ಸಿನ ಖರ್ಚು ತನ್ನದೆಂದು ತಂಗಿ ಹೇಳಿದಳು. ಹೆಡ್‌ಮಾಸ್ಟರಿಗೆ ಪತ್ರ ಬರೆಯಲು ಅವಳ ಫೋನಿನಲ್ಲೇ ಶುರುಮಾಡಿದೆ: ಮಾನ್ಯರೇ, ಮಳೆಗಾಲ ಮುಗಿಯುವ ಮೊದಲೇ ತಮ್ಮೊಂದಿಗೆ ಒಂದು ವಿಷಯ ಮಾತಾಡುವುದಿದೆ.